ಯುದ್ಧದ ಗುರುತನ್ನು ಕಾಯುವದು ಯುಕ್ತವೋ?

ಯುದ್ಧವು ತೀರಿದ ಮೇಲೆ ಅದರ ಗುರುತುಗಳನ್ನು ಉಳಿಸಿಕೊಳ್ಳಬೇಕೋ, ಇಲ್ಲವೆ ನೇಗಿಲಿನಿಂದ ಉತ್ತು ಮರೆತುಬಿಡಬೇಕೋ ಎಂಬ ಪ್ರಶ್ನೆಯು ಅನೇಕರ ಮನಸ್ಸಿನಲ್ಲಿ ಹುಟ್ಟುತ್ತದೆ. ಇಂಗ್ಲೆಂಡಿನ ಒಂದು ಚಿಕ್ಕ ಹಳ್ಳಿಯ ಸುತ್ತಣ ಜನರು ಈ ಪ್ರಶ್ನೆಗೆ ಮಾತಿನಿಂದಲ್ಲ, ಕೈಗೆಲಸದಿಂದ ಉತ್ತರ ಕೊಟ್ಟಿದ್ದಾರೆ. ಆ ಉತ್ತರವು ಸರಿಯಾದದ್ದೋ ಎಂದು ನಾವು ಶಾಂತಚಿತ್ತದಿಂದ ವಿಚಾರಿಸೋಣ.

ಆ ದೇಶದ ಪೂರ್ವದಿಕ್ಕಿನಲ್ಲಿ ನಾರ್ಫೋಕ್ ಎಂಬ ಸೀಮೆಯುಂಟು. ಅಲ್ಲಿಯ ಥಾರ್ಪ್ ಅಬಟ್ಸ್ ಎಂಬ ಹಳ್ಳಿಯ ಬಳಿಯಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ, ಒಕ್ಕಲಿಗರ ಹೊಲಗಳ ಮೇಲೆ ಕಾಂಕ್ರೀಟು ಹಾಸಿ ವಿಮಾನನಿಲ್ದಾಣವನ್ನು ಕಟ್ಟಿದರು. 1943ನೆಯ ಇಸವಿ ಜೂನ್ ತಿಂಗಳಲ್ಲಿ ಅಮೇರಿಕದವರ ನೂರನೆಯ ಬಾಂಬು ದಳವು ಅಲ್ಲಿ ಬಂದು ಇಳಿಯಿತು. ಅವರ ವಿಮಾನಗಳು ನಾಲ್ಕು ಇಂಜಿನುಗಳುಳ್ಳ ಬಿ-17 ಎಂಬವು. ಒಂದೊಂದರಲ್ಲಿ ಸಾಧಾರಣವಾಗಿ ಹತ್ತು ಮಂದಿ ಇರುತ್ತಿದ್ದರು. ಅವರಲ್ಲಿ ಬಹಳ ಮಂದಿ ಇಪ್ಪತ್ತರ ಆಚೀಚಿನ ಪ್ರಾಯದ ಹುಡುಗರು. ಹಗಲಿನಲ್ಲಿ ಹಾರಿಹೋದ ವಿಮಾನಗಳಲ್ಲಿ ಎಷ್ಟು ಮರಳಿ ಬರುವವೆಂದು ಗೋಪುರದಲ್ಲಿದ್ದವರು ಆಕಾಶವನ್ನು ನೋಡಿ ಎಣಿಸುತ್ತಿದ್ದರು.

1945ರಲ್ಲಿ ಯುದ್ಧವು ಮುಗಿಯಿತು. ಪರದೇಶದವರು ಮನೆಗೆ ಹೋದರು. ಕಾಲಕ್ರಮದಲ್ಲಿ ಕಾಂಕ್ರೀಟನ್ನು ಬಹುಮಟ್ಟಿಗೆ ಒಡೆದು ತೆಗೆದರು, ನೇಗಿಲು ತಿರಿಗಿ ಬಂತು. ಗೋಪುರ ಮಾತ್ರ ಪಾಳುಬಿದ್ದು ನಿಂತಿತ್ತು. 1977ರಲ್ಲಿ ಆ ಸೀಮೆಯ ಕೆಲವರು ಸಂಬಳದ ಆಸೆಯಿಲ್ಲದೆ ಕೂಡಿಕೊಂಡು ಅದನ್ನು ದುರಸ್ತು ಮಾಡತೊಡಗಿದರು. 1981ರಲ್ಲಿ ಅದು ವಸ್ತುಸಂಗ್ರಹಾಲಯವಾಗಿ ತೆರೆಯಲ್ಪಟ್ಟಿತು. ಈ ಹೊತ್ತಿಗೂ ಅದನ್ನು ನಡಿಸುವವರು ಇಂಥ ಸ್ವಯಂಸೇವಕರೇ. ಅಲ್ಲಿ ಸಿಪಾಯಿಗಳ ಉಡುಪುಗಳೂ ಪಟಗಳೂ ಕಾಗದಪತ್ರಗಳೂ ಇವೆ. ಸಮುದ್ರದ ಆಚೆಯಿಂದ ಮಕ್ಕಳೂ ಮೊಮ್ಮಕ್ಕಳೂ ಬಂದು ತಮ್ಮವರ ಹೆಸರನ್ನು ಹುಡುಕುತ್ತಾರೆ.

ಈ ಕೆಲಸದಲ್ಲಿ ಮೊದಲು ಮೆಚ್ಚತಕ್ಕದ್ದು ಏನಂದರೆ, ಸತ್ತವರು ಆ ಹಳ್ಳಿಯವರ ರಕ್ತಸಂಬಂಧಿಗಳಲ್ಲ. ಅವರು ಕೆಲವು ಕಾಲ ನೆರೆಯಲ್ಲಿದ್ದ ಪರದೇಶದ ಹುಡುಗರು. ತಾಯಿಯಿಂದ ದೂರದಲ್ಲಿ ಸತ್ತವನಿಗೆ ನೆರೆಯವನೇ ಬಂಧುವಾಗುವದು ದೊಡ್ಡ ಧರ್ಮವಲ್ಲವೇ? ಯಾಕಂದರೆ ಸತ್ತವನು ಉಪಕಾರವನ್ನು ತಿರಿಗಿ ಸಲ್ಲಿಸಲಾರನು. ಅವನಿಗೆ ಮಾಡಿದ್ದು ಲಾಭವನ್ನು ನೋಡದೆ ಮಾಡಿದ್ದೇ.

ಆದರೆ ಇಲ್ಲಿ ಒಂದು ಕಠಿಣವಾದ ಮಾತುಂಟು. ಅದೇ 1943ನೆಯ ಅಕ್ಟೋಬರ್ 10ನೆಯ ತಾರೀಖು ಆದಿತ್ಯವಾರವಾಗಿತ್ತು. ಆ ದಿನ ಈ ದಳವು ಇತರ ದಳಗಳೊಂದಿಗೆ ಜರ್ಮನಿಯ ಮ್ಯೂನ್‌ಸ್ಟರ್ ಪಟ್ಟಣದ ಮೇಲೆ ಹೋಯಿತು. ಅಂದಿನ ಗುರಿ ಕಾರ್ಖಾನೆಯಲ್ಲ; ಜನರು ವಾಸಿಸುವ ಪಟ್ಟಣದ ನಡುಭಾಗವೇ. ಹೊರಡುವ ಮೊದಲೇ ಕೆಲವು ವೈಮಾನಿಕರ ಮನಸ್ಸು ಇದಕ್ಕಾಗಿ ಕಳವಳಗೊಂಡಿತು. ಆದರೂ ಅಪ್ಪಣೆಯಂತೆ ಹೋದರು. ಶತ್ರುವಿಮಾನಗಳು ಮುತ್ತಿಕೊಂಡವು. ಈ ದಳದಿಂದ ಅಲ್ಲಿಯ ವರೆಗೆ ಹೋದ 13 ವಿಮಾನಗಳಲ್ಲಿ 12 ತಿರಿಗಿ ಬರಲಿಲ್ಲ. ರಾಬರ್ಟ್ ರೋಸೆನ್‌ಥಾಲ್ ಎಂಬವನು ನಡಿಸಿದ ಒಂದೇ ವಿಮಾನವು, ಎರಡು ಇಂಜಿನುಗಳು ಕೆಟ್ಟಿದ್ದರೂ, ಥಾರ್ಪ್ ಅಬಟ್ಸಿಗೆ ಬಂದು ಸೇರಿತು. ಇತ್ತ ಗೋಪುರದ ಬಳಿಯಲ್ಲಿ ಕಾದವರ ಎದೆಯು ಒಡೆಯಿತು. ಅತ್ತ ಮ್ಯೂನ್‌ಸ್ಟರಿನಲ್ಲಿ ನೂರಾರು ಮಂದಿ ತಮ್ಮ ಊರಲ್ಲೇ ಸತ್ತರು.

ಹೀಗಿರಲಾಗಿ, “ಮರಣವು ಹೊರಟುಹೋದ ಸ್ಥಳವನ್ನು ಯಾಕೆ ಅಲಂಕರಿಸಬೇಕು? ಅದನ್ನು ಹುಲ್ಲಿಗೆ ಬಿಟ್ಟರೆ ಒಳ್ಳೇದು” ಎಂದು ಹೇಳುವವರುಂಟು. ಅವರ ಮಾತಿನಲ್ಲಿ ಸತ್ಯವಿದೆ. ಇನ್ನು ಕೆಲವರು, “ಹಿಟ್ಲರನ ದುಷ್ಟಪ್ರಭುತ್ವವನ್ನು ತಡೆಯುವದಕ್ಕೆ ಅವರು ಪ್ರಾಣ ಕೊಟ್ಟರಲ್ಲಾ, ಮತ್ತೊಂದನ್ನು ಯಾಕೆ ಎತ್ತಬೇಕು?” ಅನ್ನುತ್ತಾರೆ. ಇದರಲ್ಲಿಯೂ ಸತ್ಯವಿದೆ. ಆದರೆ ಇಬ್ಬರೂ ಅರ್ಧ ಲೆಕ್ಕವನ್ನೇ ಓದುತ್ತಾರೆ. ಬಂದ ಹಣವನ್ನು ಮಾತ್ರ ಬರೆದು ಸಾಲವನ್ನು ಬಿಡುವ ಶಾನುಭೋಗನನ್ನು ನಾವು ನಂಬುವದಿಲ್ಲ. ಸಾಲವನ್ನು ಮಾತ್ರ ಬರೆಯುವವನನ್ನೂ ನಂಬುವದಿಲ್ಲ.

ಪೂರ್ತಿ ಲೆಕ್ಕದಲ್ಲಿ ಇನ್ನೊಂದು ಸಾಲು ಉಂಟು. 1945ನೆಯ ಮೇ ತಿಂಗಳ ಮೊದಲಲ್ಲಿ ಹಾಲೆಂಡಿನ ಪಶ್ಚಿಮಭಾಗದ ಜನರು ಹಸಿವೆಯಿಂದ ಸಾಯುತ್ತಿದ್ದರು. ಆಗ ಇದೇ ದಳದ ವಿಮಾನಗಳು ಬಾಂಬುಗಳಿಗೆ ಬದಲಾಗಿ ಆಹಾರವನ್ನು ತುಂಬಿಕೊಂಡು, ಬಹು ತಗ್ಗಾಗಿ ಹಾರಿ, ಬಯಲುಗಳಲ್ಲಿ ಸುರಿದು ಬಂದವು. ಅದೇ ಹೊಟ್ಟೆಯ ವಿಮಾನ. ಒಳಗಿನ ಹೊರೆ ಮಾತ್ರ ಬೇರೆ. ಮನುಷ್ಯನ ಕೈಯ ಉಪಕರಣವು ತಾನಾಗಿ ಒಳ್ಳೇದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದರಲ್ಲಿ ಏನನ್ನು ತುಂಬಬೇಕೆಂದು ಮನುಷ್ಯನೇ ನಿಶ್ಚಯಿಸುತ್ತಾನೆಂಬದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವದು ಕಷ್ಟ.

2024ರಲ್ಲಿ ಈ ದಳದ ಕಥೆಯು ಚಲಚ್ಚಿತ್ರಮಾಲೆಯಾಗಿ ಲೋಕಕ್ಕೆಲ್ಲಾ ತೋರಿಸಲ್ಪಟ್ಟಿತು. ಸುಂದರವಾದ ಉಡುಪನ್ನೂ ಶೂರತನವನ್ನೂ ಕಂಡು ಎಳೆಯರು ಯುದ್ಧವನ್ನೇ ಬಯಸುವ ಅಪಾಯವುಂಟು. ಆದಕಾರಣವೇ ಆ ಸ್ಥಳವು ಬೇಕು. ಬರಿದಾದ ಹೊಲದ ಎದುರಿಗೆ ನಿಂತು ಬಾರದ ವಿಮಾನಗಳನ್ನು ಎಣಿಸಿದವನು ಯುದ್ಧವನ್ನು ಆಟವೆಂದು ಎಣಿಸಲಾರನು.

ಆದುದರಿಂದ ನಮ್ಮ ತೀರ್ಮಾನವು ಇದು: ಗೋಪುರವನ್ನು ಕಾಯುವದು ಯುಕ್ತವೇ, ಆದರೆ ಅದರ ಮೇಲಿನಿಂದ ಎರಡೂ ಊರುಗಳು ಕಾಣಬೇಕು. ನಾವೂ ನಮ್ಮ ಹಿರಿಯರ ಕಥೆಗಳನ್ನು ಮಕ್ಕಳಿಗೆ ಹೇಳುವಾಗ, ಅವರು ತಾಳಿದ ಕಷ್ಟವನ್ನು ಹೇಳಿದ ಬಾಯಿಂದಲೇ, ಅವರು ಕೊಟ್ಟ ಕಷ್ಟವನ್ನೂ ಹೇಳುವದಕ್ಕೆ ನಾಚದೆ ಇರೋಣ.