ಬುದ್ಧಿವಂತರು ತಾಳಿಕೊಳ್ಳುವ ಮೂಢರು ಯಾರು?

ಧ್ಯಾನದ ಭಾಗ: ೨ ಕೊರಿಂಥ ೧೧ನೆಯ ಅಧ್ಯಾಯ, ೧೬ರಿಂದ ೩೩ರ ವರೆಗೆ



ದೇವರ ವಾಕ್ಯದಲ್ಲಿ ಗದರಿಕೆಯುಂಟು, ಆದರಣೆಯುಂಟು, ಕಣ್ಣೀರೂ ಉಂಟು. ಪರಿಹಾಸವೂ ಉಂಟೆಂಬದನ್ನು ಬಹು ಜನರು ಗಮನಿಸುವದಿಲ್ಲ. ಎತ್ತು ಪೈರನ್ನೆಲ್ಲಾ ಮೇಯ್ದು ಹೋದ ಮೇಲೆ ಬೇಲಿ ಕಟ್ಟುವವನನ್ನು ಕಂಡು ಊರಿನ ಮುದುಕಿಯು, "ನೀನು ಬಲು ಜಾಣ ಕಣಪ್ಪಾ" ಎಂದರೆ, ಅದು ಹೊಗಳಿಕೆಯಲ್ಲವೆಂದು ಚಿಕ್ಕ ಮಕ್ಕಳಿಗೂ ತಿಳಿಯುವದು. ಹೊಗಳುವ ಹಾಗೆ ನಿಂದಿಸುವ ಈ ರೀತಿಗೆ ಅಲಂಕಾರಶಾಸ್ತ್ರದವರು ವ್ಯಾಜಸ್ತುತಿ ಎಂದು ಹೆಸರಿಟ್ಟಿದ್ದಾರೆ. ಅಪೊಸ್ತಲನಾದ ಪೌಲನು ಈ ಅಧ್ಯಾಯದ ೧೯ನೆಯ ವಚನದಲ್ಲಿ ಕೊರಿಂಥದವರನ್ನು ಬುದ್ಧಿವಂತರೆಂದು ಕರೆದು, ಮೂಢರನ್ನು ಅವರು ಸಂತೋಷವಾಗಿ ತಾಳಿಕೊಳ್ಳುತ್ತಾರೆಂದು ಮೆಚ್ಚಿ ನುಡಿದದ್ದು ಇದೇ ರೀತಿಯದು. ಇದನ್ನು ನಿಜವಾದ ಹೊಗಳಿಕೆಯೆಂದು ಓದುವವನು ಮುದುಕಿಯ ಮಾತಿಗೆ ಹಿಗ್ಗಿದ ಬೇಲಿಯವನಿಗೆ ಸಮಾನನು.

ಕೊರಿಂಥವು ಎಂಥ ಪಟ್ಟಣ? ಕ್ರಿ.ಪೂ. ೧೪೬ರಲ್ಲಿ ರೋಮಾಯರು ಅದನ್ನು ಹಾಳುಮಾಡಿದರು, ಕ್ರಿ.ಪೂ. ೪೪ರಲ್ಲಿ ಯೂಲಿಯ ಕೈಸರನಿಂದ ಅದು ಪುನಃ ನೆಲೆಗೊಂಡಿತು. ಎರಡು ಕಡಲುಗಳ ನಡುವೆ ಎರಡು ರೇವುಗಳನ್ನು ಇಟ್ಟುಕೊಂಡು ವ್ಯಾಪಾರದಿಂದ ಬೆಳೆದ ಆ ಊರಲ್ಲಿ ಮಾತು ಬಲ್ಲವನಿಗೆ ಮಣೆ ಸಿಕ್ಕುತ್ತಿತ್ತು. ಪೌಲನು ಅಲ್ಲಿ ಒಂದೂವರೆ ವರುಷವಿದ್ದು, ಗುಡಾರ ಮಾಡುವ ಕೈಕೆಲಸದಲ್ಲಿ ದುಡಿದು, ಸುವಾರ್ತೆಗಾಗಿ ಅವರಿಂದ ಒಂದು ಕಾಸನ್ನೂ ತೆಗೆದುಕೊಳ್ಳಲಿಲ್ಲ. ಆತನು ಹೊರಟುಹೋದ ಬಳಿಕ ಶಿಫಾರಸಿನ ಪತ್ರಗಳನ್ನು ಹಿಡಿದ ಬೇರೆ ಬೋಧಕರು ಬಂದರು. ಅವರ ಡೌಲಿಗೆ ಸಭೆಯವರು ಮರುಳಾದರು. ಪುಕ್ಕಟೆಯಾಗಿ ಬೋಧಿಸಿದವನೋ, ನೋಟಕ್ಕೆ ಬಲಹೀನ, ಮಾತಿನಲ್ಲಿ ಅಲ್ಪ ಎನಿಸಿಕೊಂಡನು. ಕಿತ್ತುಕೊಂಡವನು ದೊಡ್ಡವನು, ಕೇಳದೆ ಇದ್ದವನು ಹುಚ್ಚನು!

ಈ ಒಂದೇ ಅಧ್ಯಾಯದಲ್ಲಿ 'ತಾಳಿಕೊಳ್ಳು' ಎಂಬರ್ಥವುಳ್ಳ ಗ್ರೀಕ್ ಕ್ರಿಯಾಪದವು ಐದು ಸಾರಿ ಬರುವದು. ತನ್ನ ಅವಿವೇಕವನ್ನು ತುಸು ತಾಳಿಕೊಳ್ಳಬೇಕೆಂದು ಮೊದಲನೆಯ ವಚನದಲ್ಲಿ ಬೇಡಿಕೊಂಡ ಪೌಲನು, ೨೦ನೆಯ ವಚನದಲ್ಲಿ ಅವರು ನಿಜವಾಗಿ ಯಾರನ್ನು ತಾಳಿಕೊಳ್ಳುತ್ತಿದ್ದಾರೆಂಬದನ್ನು ಬೆರಳೆಣಿಸಿ ತೋರಿಸುತ್ತಾನೆ: ಅವರನ್ನು ದಾಸರನ್ನಾಗಿ ಮಾಡುವವನನ್ನು, ತಿಂದುಬಿಡುವವನನ್ನು, ಬಲೆಯಲ್ಲಿ ಹಿಡಿಯುವವನನ್ನು, ಹೆಚ್ಚಿಸಿಕೊಳ್ಳುವವನನ್ನು, ಮುಖದ ಮೇಲೆ ಹೊಡೆಯುವವನನ್ನು. ಇದೋ ಜಾಣರ ತಾಳ್ಮೆ! ಇಷ್ಟನ್ನು ಮಾಡಲು ತನಗೆ ಬಲ ಸಾಲಲಿಲ್ಲವೆಂದು ಆತನು ಮುಂದಿನ ವಚನದಲ್ಲಿ ನಾಚಿಕೊಂಡವನಂತೆ ಮಾತಾಡುತ್ತಾನೆ.

ಮೂಢನಿಗೆ ಅವನ ಮೂಢತನದ ಪ್ರಕಾರ ಉತ್ತರ ಕೊಡಬಾರದೆಂದು ಜ್ಞಾನೋಕ್ತಿಗಳ ೨೬ನೆಯ ಅಧ್ಯಾಯದ ೪ನೆಯ ವಚನವು ಕಲಿಸುವದು. ಕೊಡಬೇಕೆಂದು ೫ನೆಯದು ಕಲಿಸುವದು. ಪೌಲನು ಎರಡನ್ನೂ ನಡಿಸಿದನು. ಹೇಗೆಂದರೆ, ಮೂಢನ ವೇಷವನ್ನು ಹಾಕಿಕೊಂಡು ಹೊಗಳಿಕೊಳ್ಳಲು ನಿಂತನು, ಆದರೆ ಹೊಗಳಿಕೊಂಡದ್ದು ತನ್ನ ಸೋಲುಗಳನ್ನೇ. ಐದು ಸಾರಿ ಮೂವತ್ತೊಂಬತ್ತರಂತೆ ೧೯೫ ಏಟುಗಳು, ಮೂರು ಸಾರಿ ಬೆತ್ತ, ಮೂರು ಸಾರಿ ಹಡಗು ಒಡೆದದ್ದು. ಕಟ್ಟಕಡೆಗೆ ದಮಸ್ಕದ ಗೋಡೆ. ಮಧುಗಿರಿಯ ಬೆಟ್ಟದ ಕೋಟೆಯನ್ನು ಕಂಡಿರುವ ನಮ್ಮ ಓದುಗರಿಗೆ ಗೋಡೆ ಹತ್ತುವದೆಂದರೆ ಏನೆಂಬದು ಗೊತ್ತು. ಶತ್ರುವಿನ ಗೋಡೆಯನ್ನು ಎಲ್ಲರಿಗಿಂತ ಮೊದಲು ಹತ್ತಿದ ಸಿಪಾಯಿಗೆ ರೋಮಾಯರು ಚಿನ್ನದ ಕಿರೀಟವನ್ನು ಕೊಡುತ್ತಿದ್ದರು. ಪೌಲನಾದರೋ, ತಾನು ಗೋಡೆಯಿಂದ ಹೆಡಿಗೆಯಲ್ಲಿ ಕೂತು ಕೆಳಗೆ ಇಳಿದು ತಪ್ಪಿಸಿಕೊಂಡೆನೆಂದು ಹೇಳಿಕೊಳ್ಳುತ್ತಾನೆ!

ಕೊರಿಂಥದವರನ್ನು ಕಂಡು ನಗುವದು ಸುಲಭ. ಆದರೆ ಐ.ಡಿ.ಹಳ್ಳಿಯ ಸೀಮೆಗೆ ಬರೋಣ. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವವರಿಗೆ ರೂಪಾಯಿಯ ಬೆಲೆ ತಿಳಿದಿದೆ. ಸಂತೆಯಲ್ಲಿ ಹಲ್ಲು ಹಿಡಿದು ನೋಡದೆ ಯಾರೂ ಹೋರಿಗೆ ಹಣ ಎಣಿಸುವದಿಲ್ಲ. ಆದರೆ ಪರಸ್ಥಳದಿಂದ ಧ್ವನಿವರ್ಧಕದೊಂದಿಗೆ ಬಂದವನೊಬ್ಬನು, ಇಷ್ಟು ಕಾಣಿಕೆ ಕೊಟ್ಟರೆ ರೋಗ ಬಿಡುವದು, ಔಷಧವನ್ನು ಎಸೆಯುವದೇ ನಂಬಿಕೆಯ ಗುರುತು ಎಂದು ಕೂಗಿದರೆ, ಆ ಜಾಣತನವೆಲ್ಲಾ ಎಲ್ಲಿ ಅಡಗುವದು? ಕಿವಿಯ ಓಲೆಯನ್ನು ಅಡವಿಟ್ಟು ಕೊಡುವವರುಂಟು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಬಿಟ್ಟು ಕಾಲಿಗೆ, ಜೀವಕ್ಕೆ ಗಂಡಾಂತರ ತಂದುಕೊಳ್ಳುವವರುಂಟು. ವಾಸಿಯಾಗದೆ ಹೋದರೆ, ನಿನ್ನ ನಂಬಿಕೆ ಸಾಲದೆಂಬ ಏಟನ್ನೂ ತಿಂದು ಸುಮ್ಮನಿರುವರು. ಅದೇ ಜನರು, ಅಕ್ಷರ ಬಾರದ ಮುದುಕನು ಪ್ರಾರ್ಥನೆಯನ್ನು ತುಸು ಉದ್ದಮಾಡಿದರೆ ಕೆಮ್ಮುವರು. ಬುದ್ಧಿ ಬೆಳೆಯದ ಹುಡುಗನು ಕೀರ್ತನೆಯನ್ನು ರಾಗ ತಪ್ಪಿ ಹಾಡಿದರೆ ಹೊರಗೆ ಕಳುಹಿಸುವರು.

ಆದಕಾರಣ ತಾಳ್ಮೆ ಎಂಬ ಒಂದೇ ಹೆಸರಿನಲ್ಲಿ ಎರಡು ವಸ್ತುಗಳಿರುವದನ್ನು ತಿಳಿಯತಕ್ಕದ್ದು. ಬಲವುಳ್ಳವರು ಬಲಹೀನರ ಭಾರವನ್ನು ಹೊರಬೇಕೆಂದು ರೋಮಾಪುರದವರಿಗೆ ಬರೆದವನೂ ಪೌಲನೇ, ಅದು ಪ್ರೀತಿ. ಬಡವರನ್ನು ತಿನ್ನುವವನ ಮುಂದೆ ಬಾಯಿ ಮುಚ್ಚಿಕೊಂಡಿರುವದು ಪ್ರೀತಿಯಲ್ಲ, ಭಯವು. ಅಥವಾ ದೊಡ್ಡವರ ಪಕ್ಕದಲ್ಲಿ ನಿಂತು ತಾವೂ ದೊಡ್ಡವರೆನಿಸಿಕೊಳ್ಳುವ ಆಶೆಯು. ಇವೆರಡನ್ನು ಬೇರೆಮಾಡುವ ಪ್ರಶ್ನೆ ಒಂದೇ: ಈ ತಾಳ್ಮೆಯ ವೆಚ್ಚವನ್ನು ಕೊಡುವವರು ಯಾರು? ಮುದುಕನ ದೀರ್ಘ ಪ್ರಾರ್ಥನೆಗೆ ಕೊಡುವವರು ನಾವು, ಅರ್ಧ ಗಳಿಗೆಯನ್ನು. ಡಂಭದ ಬೋಧಕನನ್ನು ನಾವು ತಾಳಿಕೊಂಡರೆ ಕೊಡುವವಳು ಓಲೆಯನ್ನು ಕಳಕೊಂಡ ವಿಧವೆಯು. ಸೆಮಿನೆರಿಯಲ್ಲಿ ಓದಿ ಬಂದ ನಮ್ಮಂಥ ಉಪದೇಶಿಗಳನ್ನೂ ಇದೇ ತಕ್ಕಡಿಯಲ್ಲಿ ತೂಗಿರಿ. ನಮ್ಮ ಪಾಂಡಿತ್ಯವನ್ನಲ್ಲ, ನಮ್ಮಿಂದ ಸಭೆಗೆ ಹೊರೆ ಇಳಿಯಿತೋ ಏರಿತೋ ಎಂಬದನ್ನು ನೋಡಿರಿ.

ಇನ್ನೊಂದು ಮಾತು. ಮಾರ್ಕನು ೧೫ನೆಯ ಅಧ್ಯಾಯದಲ್ಲಿ ಬರೆದಂತೆ, ಸಿಪಾಯಿಗಳು ಮುಳ್ಳಿನ ಕಿರೀಟವನ್ನಿಟ್ಟು ನಮ್ಮ ಕರ್ತನನ್ನು ಅರಸನೆಂದು ಹಾಸ್ಯಮಾಡಿ ಮೊಣಕಾಲೂರಿದರು. ಲೋಕದಲ್ಲಿ ಹೊಗಳಿಕೆಯೊಳಗೆ ನಿಂದೆ ಅಡಗಿರುವದು. ಅಲ್ಲಿಯಾದರೋ ನಿಂದೆಯೊಳಗೆ ಸತ್ಯವು ಅಡಗಿತ್ತು, ಯಾಕಂದರೆ ಅವರು ಗೇಲಿಮಾಡಿದವನು ನಿಜವಾಗಿ ಅರಸನೇ. ಜಾಣರ ಕಣ್ಣಿಗೆ ಹುಚ್ಚನಾಗಿ ತೋರಿದ ಆತನು ನಮ್ಮೆಲ್ಲರ ಮೂಢತನವನ್ನು ತನ್ನ ವೆಚ್ಚದಲ್ಲಿಯೇ ತಾಳಿಕೊಂಡನು. ಆದದರಿಂದ ಬರುವ ಭಾನುವಾರ ಆ ಹುಡುಗನು ರಾಗ ತಪ್ಪಿ ಹಾಡಲಿ, ನಾವು ಜೊತೆಗೂಡಿ ಹಾಡೋಣ. ವಿಧವೆಯ ಓಲೆಯನ್ನು ಕೇಳುವವನು ಬಂದರೆ, ಸಭೆಯ ಹಿರಿಯರು ಎದ್ದು ನಿಂತು ಬೇಡವೆನ್ನಲಿ. ಕರ್ತನು ನಮಗೆ ಈ ವಿವೇಕವನ್ನು ದಯಪಾಲಿಸಲಿ. ಆಮೆನ್.