ಬಿರುಕಿನ ತುದಿಗೊಂದು ತೂತು

ನಮ್ಮ ಬೀದಿಯ ಹುಡುಗನೊಬ್ಬ ಆರ್ಕೆಸ್ಟ್ರಾದಲ್ಲಿ ಡ್ರಮ್ ಬಾರಿಸುತ್ತಾನೆ. ಮೊನ್ನೆ ತನ್ನ ಕಂಚಿನ ಸಿಂಬಲ್ಲನ್ನು ಹಳೆಯ ಲುಂಗಿಯಲ್ಲಿ ಸುತ್ತಿಕೊಂಡು ಮನೆಗೆ ಬಂದ. ಅಂಚಿನಿಂದ ಒಳಕ್ಕೆ ಒಂದಂಗುಲದಷ್ಟು ಕೂದಲೆಳೆಯ ಸೀಳು. "ಮದುವೆ ಗದ್ದಲದಲ್ಲಿ ಯಾರಿಗೂ ಗೊತ್ತಾಗಲ್ಲ ಚಾಚಾ. ಹೊಸದಕ್ಕೆ ದುಡ್ಡಿಲ್ಲ. ಹೀಗೇ ಬಾರಿಸಲಾ, ರಿಪೇರಿ ಮಾಡಿಸಲಾ?" ಎಂದ. ಕಥೆ ಬರೆಯುವವನಿಗೆ ಕಂಚಿನ ವಿಷಯ ಏನು ಗೊತ್ತು? ಆದರೂ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಒಳ್ಳೆಯ ಸಿಂಬಲ್ಲಿನಲ್ಲಿ ನೂರಕ್ಕೆ ಸುಮಾರು 80 ಪಾಲು ತಾಮ್ರ, 20 ಪಾಲು ತವರ. ನಾದ ಕೊಡುವ ತವರವೇ ಲೋಹವನ್ನು ಪೆಡಸಾಗಿಸುತ್ತದೆ. ಅದಕ್ಕೇ ಕೆಂಪಗೆ ಕಾಯಿಸಿ, ನೀರಿಗದ್ದಿ ಹದ ಮಾಡುತ್ತಾರೆ. 17ನೇ ಶತಮಾನದ ಇಸ್ತಾಂಬುಲಿನಲ್ಲಿ ಈ ವಿದ್ಯೆಗೆ ಹೆಸರಾದವನು ಅವೆದಿಸ್ ಎಂಬ ಆರ್ಮೇನಿಯನ್ ಕ್ರೈಸ್ತ. ಉಸ್ಮಾನೀ ಸುಲ್ತಾನರ ಸೇನೆಯ ವಾದ್ಯಮೇಳಕ್ಕೆ ಇಂಥ ತಾಳಗಳೇ ಬೇಕಿದ್ದವು. ತುರ್ಕಿಯಲ್ಲಿ ತಾಳಕ್ಕೆ 'ಝಿಲ್' ಎನ್ನುತ್ತಾರೆ. ಕಸುಬೇ ಮನೆತನದ ಹೆಸರಾಗಿ ಝಿಲ್ಜಿಯಾನ್ ಆಯಿತು. ಡ್ರಮ್ ಬಾರಿಸುವವರಿಗೆಲ್ಲ ಇಂದಿಗೂ ಗೊತ್ತಿರುವ ಹೆಸರು.

ಸೀಳಿಗೆ ಬೆಸುಗೆ ಹಾಕಿದರೆ ಆ ಶಾಖಕ್ಕೆ ಹದವೇ ಕೆಡುತ್ತದೆ. ಬಲ್ಲವರು ಬೇರೆ ದಾರಿ ಹಿಡಿಯುತ್ತಾರೆ. ಸೀಳಿನ ತುದಿಯಲ್ಲಿ ಚಿಕ್ಕದೊಂದು ತೂತು ಕೊರೆಯುತ್ತಾರೆ. ತುದಿ ಮೊನಚಾಗಿರುವುದರಿಂದ ಪ್ರತಿ ಏಟಿನ ಒತ್ತಡವೂ ಅಲ್ಲೇ ಸೇರಿ ಲೋಹವನ್ನು ಇನ್ನಷ್ಟು ಸೀಳುತ್ತದೆ. ದುಂಡನೆಯ ತೂತಾದರೆ ಒತ್ತಡ ಸುತ್ತಲೂ ಹಂಚಿಹೋಗುತ್ತದೆ. ಕಣ್ಣಿಗೆ ಕಾಣುವಲ್ಲಿಗೆ ಬಿರುಕು ಮುಗಿದಿರುವುದಿಲ್ಲ. ಆದ್ದರಿಂದ ತುಸು ಮುಂದೆ, ಚೆನ್ನಾಗಿಯೇ ಇರುವ ಲೋಹವನ್ನೂ ಕೊರೆಯಬೇಕು. ಇಷ್ಟಾದರೂ ಮೊದಲಿನ ನಾದ ಮರಳುವುದಿಲ್ಲ. ಬಿರುಕು ನಿಂತರೆ ಅದೇ ಲಾಭ.

ಉರ್ದು ಶಾಲೆಯಲ್ಲಿ ಕಲಿತ 'ಐಬ್', 'ಮರಮ್ಮತ್' ಎರಡೂ ಕನ್ನಡಕ್ಕೆ ಬಂದು ಐಬು, ಮರಾಮತ್ತು ಆಗಿ ಕೂತಿವೆ. ಮರಮ್ಮತ್ ಎಂದರೆ ಐಬನ್ನು ಇಲ್ಲವಾಗಿಸುವುದು ಎಂದೇ ತಿಳಿದಿದ್ದೆ. ಇಲ್ಲಿ ನೋಡಿದರೆ, ಸೀಳು ಯಾರಿಗೂ ಕಾಣುತ್ತಿರಲಿಲ್ಲ, ತೂತು ಎಲ್ಲರಿಗೂ ಕಾಣುತ್ತದೆ! ಹುಡುಗನ ಅಂಜಿಕೆಯೂ ಅದೇ. "ತೂತು ಕಂಡರೆ ದುಡ್ಡು ಮುರಿದುಕೊಳ್ತಾರೆ."

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅಬ್ಬಾ ತೀರಿಕೊಂಡ ಮೇಲೆ ಮನೆಯ ಪಾಲಿನ ವಿಷಯದಲ್ಲಿ ನನಗೂ ಅಣ್ಣನಿಗೂ ಮನಸ್ಸು ಕೆಟ್ಟಿತ್ತು. ಏಳು ವರ್ಷ ಇಬ್ಬರೂ ಆ ಮಾತೆತ್ತಲಿಲ್ಲ. ಈದ್ ದಿನ ಅಪ್ಪಿಕೊಳ್ಳುತ್ತಿದ್ದೆವು, ಒಂದೇ ದಸ್ತರ್‌ಖಾನಿನಲ್ಲಿ ಕೂತು ಉಣ್ಣುತ್ತಿದ್ದೆವು. ಹೊರಗಿನವರಿಗೆ ಏನೂ ಕೇಳಿಸುತ್ತಿರಲಿಲ್ಲ. ಮೊದಲ ವರ್ಷವೇ ಇಬ್ಬರು ಹಿರಿಯರನ್ನು ಕೂರಿಸಿ ಮಾತಾಡಿದ್ದರೆ ಒಂದಿಷ್ಟು ಮರ್ಯಾದೆ ಹೋಗುತ್ತಿತ್ತು, ಬೀದಿಗೂ ತಿಳಿಯುತ್ತಿತ್ತು. ಆ ಮರ್ಯಾದೆ ಉಳಿಸಿಕೊಳ್ಳಲು ಹೋಗಿ ಈಗ ಅವನ ಮಗಳ ಮದುವೆಯ ಕಾಗದ ನನಗೆ ಅಂಚೆಯಲ್ಲಿ ಬರುತ್ತದೆ.

ಸೀಳಿದ ಸದ್ದೇ ಇಷ್ಟವೆಂದು ಬೇಕೆಂದೇ ಅಂಥದನ್ನು ಬಾರಿಸುವವರೂ ಇದ್ದಾರೆ. ಅವರ ಮಾತು ಬೇರೆ, ಅವರು ಯಾರಿಂದಲೂ ಅದನ್ನು ಮುಚ್ಚಿಡುತ್ತಿಲ್ಲ.

ಕೊರೆಸು ಎಂದೆ. ಮದುವೆಯವರು ಕೇಳಿದರೆ ಇದ್ದದ್ದು ಹೇಳು ಎಂದೂ ಸೇರಿಸಿದೆ. "ನನ್ನ ಪಗಾರ ನೀವು ಕೊಡ್ತೀರಾ ಚಾಚಾ?" ಎಂದು ನಕ್ಕ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಭಾನುವಾರ ಕಲ್ಯಾಣ ಮಂಟಪವೊಂದರ ಆರತಕ್ಷತೆಯಲ್ಲಿ ಅವನನ್ನು ಕಂಡೆ. ತೂತು ಕೊರೆಸಿದ್ದ. ಹಾಡು ಶುರುವಾಗುವ ಮುನ್ನ ಆ ಬದಿಯನ್ನು ಗೋಡೆಯತ್ತ ತಿರುಗಿಸಿಟ್ಟ. ಸಿಂಬಲ್ ಮಾತ್ರ ಏಟು ಬಿದ್ದಂತೆಲ್ಲ ತನ್ನಷ್ಟಕ್ಕೆ ಮೆಲ್ಲಗೆ ತಿರುಗುತ್ತಲೇ ಇತ್ತು.