ಆರು ಮಂದಿಯಲ್ಲಿ ಒಬ್ಬನನ್ನೇ ಕೇಳಿದರೆ

ಮೈಸೂರಿನ ನಮ್ಮ ಬೀದಿಯ ಕೊನೆಯ ಮನೆಯವರು ಸರ್ಕಾರಿ ಕಚೇರಿಯೊಂದರ ಜವಾನರಾಗಿ ನಿವೃತ್ತರಾದವರು. ಒಂದು ಸಂಜೆ ಕಾಗದ ಹಿಡಿದು ಬಂದು, ‘ಮೇಷ್ಟ್ರೇ, ಇದೇನಂತ ಸ್ವಲ್ಪ ನೋಡಿ’ ಅಂದರು. ಕಾಲಮಿತಿ ಬಡ್ತಿಯಲ್ಲಿ ವೇತನ ನಿಗದಿ ತಪ್ಪಾಗಿ ಹನ್ನೊಂದು ವರ್ಷ ಹೆಚ್ಚು ಸಂಬಳ ಹೋಗಿದೆಯಂತೆ, ಗ್ರಾಚ್ಯುಟಿಯಲ್ಲಿ ಹಿಡಿದುಕೊಳ್ಳುತ್ತಾರಂತೆ. ಜೊತೆಗೆ ಸೇವಾ ಪುಸ್ತಕದ ಜೆರಾಕ್ಸು. ಸಾಹೇಬರ ಹಸಿರು ಶಾಯಿಯ ಸಹಿ ಜೆರಾಕ್ಸಿನಲ್ಲಿ ಕಪ್ಪಾಗಿತ್ತು, ಪಕ್ಕದಲ್ಲಿ ಸೀಲು. ಆ ಪುಟದಲ್ಲಿ ಇವರ ಕೈಬರಹ ಒಂದಕ್ಷರವೂ ಇರಲಿಲ್ಲ.

‘ನಾನೇನು ಕೇಳಿದ್ನಾ? ಅವರೇ ಹಾಕಿದ್ದು.’

ಕಾನೂನಿಗೆ ಅದು ಬೇಕಿಲ್ಲ. 1872ರ ಕರಾರು ಕಾಯಿದೆಯ 72ನೇ ಕಲಮಿನ ಪ್ರಕಾರ ತಪ್ಪಿನಿಂದ ಬಂದ ಹಣವನ್ನು ಪಡೆದವನು ಹಿಂತಿರುಗಿಸಬೇಕು. ಚಂಡಿ ಪ್ರಸಾದ್ ಉನಿಯಾಲ್ ಪ್ರಕರಣದಲ್ಲಿ, 2012ರಲ್ಲಿ, ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಇದು ತೆರಿಗೆದಾರರ ಹಣ, ಕೊಟ್ಟ ಅಧಿಕಾರಿಯದೂ ಅಲ್ಲ, ಪಡೆದವನದೂ ಅಲ್ಲ. ಈ ಮಾತನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ದೇವರಾಜ ಮಾರುಕಟ್ಟೆಯಲ್ಲಿ ಹೂವು ಮಾರುವಾಕೆಯೂ ಸೋಪು ಕೊಂಡಾಗಲೆಲ್ಲ ತೆರಿಗೆ ಕಟ್ಟುತ್ತಾಳೆ. ಅವಳ ದುಡ್ಡಿಗೆ ‘ಹೋಗಲಿ ಬಿಡಿ’ ಎನ್ನಲು ಕಚೇರಿ ಯಾರು?

ಆದರೆ 2014ರ ಡಿಸೆಂಬರಿನಲ್ಲಿ, ರಫೀಕ್ ಮಸೀಹ್ ಪ್ರಕರಣದಲ್ಲಿ, ಅದೇ ಕೋರ್ಟ್ ಒಂದು ಗೆರೆ ಎಳೆಯಿತು. ‘ಸಿ’, ‘ಡಿ’ ಗುಂಪಿನವರಿಂದ, ನಿವೃತ್ತರಿಂದ, ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲಿ ಕೂಡದು. ಐದು ವರ್ಷ ಮೀರಿ ಹೆಚ್ಚು ಕೊಡುತ್ತಾ ಬಂದಿದ್ದರೂ ಕೂಡದು. ಕರುಣೆಯಷ್ಟೇ ಇದರ ಹಿಂದಿಲ್ಲ ಎಂದು ನನಗನ್ನಿಸುತ್ತದೆ. ತಿಂಗಳು ತಿಂಗಳು ಬಂದ ಆ ಹಣ ಗಂಟಾಗಿ ಎಲ್ಲೂ ಕೂತಿಲ್ಲ. ಅಕ್ಕಿಯಾಗಿದೆ, ಮಗಳ ಫೀಸಾಗಿದೆ. ಸಂಬಳ ಇಷ್ಟು ಎಂದು ನಂಬಿಯೇ ಅವರು ಸೊಸೈಟಿಯಲ್ಲಿ ಸಾಲ ಎತ್ತಿದ್ದರು. ಈಗ ಸರ್ಕಾರ ಕೈಹಾಕಿರುವುದು ತಾನು ತಪ್ಪಿ ಕೊಟ್ಟ ಹಣಕ್ಕಲ್ಲ, ಅವರ ಮುಪ್ಪಿನ ಹಣಕ್ಕೆ.

2016ರ ಜಗದೇವ್ ಸಿಂಗ್ ತೀರ್ಪು ಮತ್ತೆ ಒಂದು ಕಿಂಡಿ ಬಿಟ್ಟಿತು: ಹೆಚ್ಚು ಬಂದರೆ ಹಿಂತಿರುಗಿಸುತ್ತೇನೆಂದು ಮುಚ್ಚಳಿಕೆ ಬರೆದುಕೊಟ್ಟವರಿಂದ ವಸೂಲಿ ಮಾಡಬಹುದು. ಸಂಬಳ ಬೇಕಾದವನು ಮುಚ್ಚಳಿಕೆಗೆ ಸಹಿ ಹಾಕದೆ ಇನ್ನೇನು ಮಾಡುತ್ತಾನೆ?

ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಇದೇ ಊರಿನಲ್ಲಿ, ಈಗಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ. 1909ರಲ್ಲಿ ಅಚ್ಚಾದ ಆ ಗ್ರಂಥ ಬೊಕ್ಕಸದ ಹಣ ನುಂಗುವ 40 ದಾರಿಗಳನ್ನು ಎಣಿಸುತ್ತದೆ. ಅದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಮುಂದಿನ ಮಾತು. ಅನುಮಾನ ಬಂದಾಗ ಹಣ ಇಟ್ಟುಕೊಂಡವನು, ಲೆಕ್ಕ ಬರೆದವನು, ಪಡೆದವನು, ಕೊಟ್ಟವನು, ಕೊಡಿಸಿದವನು, ಮಂತ್ರಿಯ ಕೈಕೆಳಗಿನವನು, ಹೀಗೆ ಆರು ಮಂದಿಯನ್ನೂ ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು. ಕೌಟಿಲ್ಯ ಮೆದು ಮನುಷ್ಯನೇನಲ್ಲ. ಆದರೂ ಅವನ ಪಟ್ಟಿಯಲ್ಲಿ ಪಡೆದವನು ಆರರಲ್ಲಿ ಒಬ್ಬ. ನಮ್ಮ ವಸೂಲಿ ನೋಟಿಸಿನಲ್ಲಿ ಅವನೊಬ್ಬನೇ.

ಉಳಿದವರಿಗೆ ನಿಯಮದ ಆಸರೆ ಉಂಟು. ಕರ್ನಾಟಕ ಸೇವಾ ನಿಯಮಾವಳಿಯ 214ನೇ ನಿಯಮದಂತೆ, ನಿವೃತ್ತರ ಮೇಲೆ ನಾಲ್ಕು ವರ್ಷಕ್ಕಿಂತ ಹಳೆಯ ಸಂಗತಿಗೆ ಹೊಸದಾಗಿ ಇಲಾಖಾ ವಿಚಾರಣೆ ಶುರುಮಾಡುವಂತಿಲ್ಲ. ತಪ್ಪು ಬರೆದ ಸಾಹೇಬರು ಹೀಗೆ ದಡ ಸೇರಿರುತ್ತಾರೆ.

ಹಾಗೆಂದು ಸರ್ಕಾರದ ಕೈ ಕಟ್ಟಿಹಾಕಿ ಎನ್ನುತ್ತಿಲ್ಲ. 2024ರಲ್ಲಿ ವಾಲ್ಮೀಕಿ ನಿಗಮದ ಕೋಟಿಗಟ್ಟಲೆ ಹಣ ಹೈದರಾಬಾದಿನ ಖಾತೆಗಳಿಗೆ ಹಾರಿದಂಥ ಹೊತ್ತಿನಲ್ಲಿ ಖಾತೆ ತಡೆಹಿಡಿಯುವ, ಆಸ್ತಿ ಜಪ್ತಿ ಮಾಡುವ ಅಧಿಕಾರ ಎಷ್ಟು ಚುರುಕಾಗಿದ್ದರೂ ಸಾಲದು. ನನ್ನ ತಕರಾರು, ಮೋಸಕ್ಕೂ ಕಚೇರಿಯ ಕೈತಪ್ಪಿಗೂ ‘ವಸೂಲಿ’ ಎಂಬ ಒಂದೇ ಮಾತು ಬಳಸಿ ಒಂದೇ ಮುಖ ತೋರಿಸುವುದರ ಬಗ್ಗೆ. ನೆದರ್ಲೆಂಡ್ಸಿನಲ್ಲಿ ಮಕ್ಕಳ ಪಾಲನೆಯ ಸಹಾಯಧನ ಪಡೆದ ಸಾವಿರಾರು ತಂದೆತಾಯಂದಿರನ್ನು, ಅರ್ಜಿಯಲ್ಲಿ ಸಣ್ಣ ಲೋಪವಿದ್ದವರನ್ನೂ ಸೇರಿಸಿ, ವಂಚಕರೆಂದು ಎಣಿಸಿ ಪೂರ್ತಿ ಹಣ ಕೇಳಿದರು. 2021ರ ಜನವರಿಯಲ್ಲಿ ಅಲ್ಲಿನ ಸಂಪುಟವೇ ರಾಜೀನಾಮೆ ಕೊಡಬೇಕಾಯಿತು.

ಜವಾನರಿಗೆ ನಾನೇ ಅರ್ಜಿ ಬರೆದುಕೊಟ್ಟೆ. ರಫೀಕ್ ಮಸೀಹ್ ತೀರ್ಪು ಉದ್ಧರಿಸಿದೆ. ಕೊನೆಯಲ್ಲಿ, ನಿಗದಿ ಮಾಡಿದವರು ಯಾರು, ತಾಳೆ ನೋಡಿದವರು ಯಾರು, ಬಿಲ್ಲು ಪಾಸು ಮಾಡಿದವರು ಯಾರು, ಅವರಿಗೂ ನೋಟಿಸು ಹೋಗಿದೆಯೇ ಎಂದೂ ಸೇರಿಸಿದೆ. ಓದಿ ಹೇಳಿದಾಗ ಅವರು ಅಲ್ಲಿ ಬೆರಳಿಟ್ಟರು.

‘ಇದೊಂದು ತೆಗೆದುಬಿಡಿ ಮೇಷ್ಟ್ರೇ. ಆ ಸಾಹೇಬ್ರು ಒಳ್ಳೆಯೋರು. ಅವರಿಗೂ ಈಗ ಪೆನ್ಷನ್ನೇ ಗತಿ.’